ಕಚ್ಚಾ ಹೊಲಿಗೆ

ಆ ಸದ್ದು ಕೇಳಿದ್ದು ನಾನು, ಇಲ್ಯಾಸ್, ಇಬ್ಬರೇ.
ಎಳೆದೂ ಎಳೆದೂ ದಾರ ಹರಿದ ಹಾಗೆ, ಟಪ್.
ಅಭ್ಯಾಸದ ಆಟ, ಎದುರಾಳಿ ಯಾರೂ ಇಲ್ಲ,
ಒಂದೇ ತಂಡದ ಹದಿನಾಲ್ಕು ಜನ, ನಡುವೆ ಚೆಂಡು,
ಚೆಂಡಿಗೆಂದೇ ಚಾಚಿದ್ದು ನನ್ನ ಕಾಲು.
ಚೆಂಡಿಗೆಂದೇ. ಐದೂವರೆ ತಿಂಗಳಿಂದ
ಕ್ಯೂರಿಂಗ್ ವರ್ಕ್ಸಿನ ತಕ್ಕಡಿಯ ಮುಂದೆ ನಿಂತು
ಮೂಟೆ ಮೂಟೆಗೂ ಇದನ್ನೇ ಹೇಳಿಕೊಂಡಿದ್ದೇನೆ.
ಮುಳ್ಳು ಒಮ್ಮೆಯೂ ನಡುವೆ ನಿಂತಿಲ್ಲ.

ಹಾಸನದಲ್ಲಿ ಆಪರೇಷನ್.
ತೊಡೆಯ ಹಿಂದಿನ ನರ ಬಿಡಿಸಿ
ಮಂಡಿಯೊಳಗೆ ಕೂರಿಸಿದರು.
ಮತ್ತು ಇಳಿದ ಮೇಲೆ ಟೈಲರ್ ಇಲ್ಯಾಸ್ ನಕ್ಕ:
"ಪ್ಯಾಂಟಿನ ಮಡಿಕೆ ಬಿಚ್ಚಿ ಜೇಬಿಗೆ ತೇಪೆ!"
ನಾನು ನಗಲಿಲ್ಲ. ವಾಪಸು ಬರುವಾಗ, ಬೇಲೂರು ದಾಟುವವರೆಗೂ,
ಅವನ ಊರುಗೋಲು ನನ್ನ ತೊಡೆಯ ಮೇಲಿತ್ತು,
ತಿರುವಿನಲ್ಲೆಲ್ಲ ಜಾರುತ್ತ.

ಈಗ ಭಾನುವಾರ ಫೈನಲ್, ಮೂಡಿಗೆರೆಯವರ ಮೇಲೆ.
ಗಾಯದ ಗುರುತು ಝಿಪ್ಪಿನಷ್ಟು ನೇರ, ಊತ ಇಲ್ಲ,
ದಿನಕ್ಕೆ ಹತ್ತು ತಾಸು ಮಿಷನ್ನು ತುಳಿಯುತ್ತಾನೆ.
"ತುಳಿಯುವ ಕಾಲಿಗೆ ಓಡಲು ಯಾರಪ್ಪಣೆ?" ಅನ್ನುತ್ತಾನೆ.
ಫಿಸಿಯೋ ಚಂಪಕಾ ಮೇಡಂ ಅವನದೇ ಟೇಪಿನಲ್ಲಿ
ತೊಡೆಯ ಸುತ್ತಳತೆ ತೆಗೆದರು: ಎಡಕ್ಕೆ ಒಂದಿಂಚು ಕಮ್ಮಿ.
ಒಂಟಿ ಕಾಲಲ್ಲಿ ಕುಪ್ಪಳಿಸು ಅಂದರು.
ಬಲಗಾಲು ಮೂರು ಟೈಲ್ಸ್ ದಾಟಿತು,
ಎಡಗಾಲು ಎರಡನೆಯದರ ಗೆರೆಯ ಮೇಲೇ ಅಲುಗಿತು.
"ಒಂಬತ್ತು ತಿಂಗಳು. ಒಂದು ದಿನವೂ ಕಮ್ಮಿಯಿಲ್ಲ."

ಉಪ್ಪಳ್ಳಿಯ ಮನೆಯಲ್ಲಿ ಮೀನು ತೊಳೆಯುತ್ತ ಅವನುಮ್ಮ:
"ಒಂಬತ್ತು ತಿಂಗಳು ನಾನು ಕಾದದ್ದಕ್ಕೇ
ಇವನಿಗೆ ಎರಡು ಕಾಲು ಬಂದದ್ದು."

ಆದರೆ ಇಲ್ಯಾಸಿಗೆ ಮೂವತ್ತೊಂದು.
ಅದನ್ನು ಯಾರೂ ಟೇಪು ಹಿಡಿದು ಅಳೆಯುವುದಿಲ್ಲ.
ಏಳು ವರ್ಷಕ್ಕೆ ಒಂದು ಫೈನಲ್ ಬಂದಿದೆ,
ಇನ್ನೊಂದು ಬರುವಾಗ ಅವನು ಗೆರೆಯಾಚೆ
ಕೊಡೆ ಹಿಡಿದು ಕೂಗುವವರಲ್ಲಿ ಒಬ್ಬ.
ತಾಳಿದವನು ಬಾಳಿಯಾನು, ಸರಿ;
ಆಡಿಯಾನು ಅಂತ ಯಾವ ಗಾದೆಯೂ ಹೇಳಿಲ್ಲ.

ಕೋಚ್ ನನ್ನನ್ನು ಕೇಳಿದ್ದಾರೆ: "ನೀನೇ ಹೇಳು, ಲ್ಯಾನ್ಸಿ."
ಹೇಳಲೇ? ಫಾದರ್ ಹತ್ತಿರವೂ ಹೇಳದ್ದು ಇದು:
ಅವನು ಆಡಲಿ ಅಂತ ಅವನಿಗಿಂತ ಹೆಚ್ಚು ಆಸೆ ನನಗೆ.
ಅವನು ಓಡಿದರೆ, ಒಂದು ಗೋಲು ಹೊಡೆದರೆ,
ಆ ಟಪ್ ಆಗಿಯೇ ಇರಲಿಲ್ಲ ಅಂತಾಗುತ್ತದಲ್ಲ.
ನನ್ನ ಪಾಪ ತೊಳೆಯಲು ಅವನ ಮಂಡಿ.

ಕಾಫಿ ಒಣಗಿದೆಯೋ ಇಲ್ಲವೋ ನೋಡಲು
ನಾವು ಮೀಟರಿಗಿಂತ ಮೊದಲು ಹಲ್ಲಿಗೆ ಕೊಡುತ್ತೇವೆ.
ಅವಸರದಲ್ಲಿ ಒಣಗಿಸಿದ ಬೀಜ ಹೊರಗೆ ಗರಿಗರಿ,
ಕಚ್ಚಿದರೆ ಹಲ್ಲು ಮೆತ್ತಗೆ ಇಳಿಯುತ್ತದೆ.
ಅಂಥ ಮೂಟೆಗೆ ಬೂಷ್ಟು ಬರುವುದು ಹಡಗಿನಲ್ಲಿ,
ತೂಗಿದವನ ಕಣ್ಣೆದುರು ಬರುವುದಿಲ್ಲ.
ಮಂಡಿಯನ್ನು ಹೇಗೆ ಕಚ್ಚಿ ನೋಡುವುದು?

ಶನಿವಾರ ಸಂಜೆ ಮೈದಾನಕ್ಕೆ ಕರೆದ.
ಗಿರಿಯ ಗಾಳಿಗೆ ಗೋಲಿನ ಬಲೆ ಉಬ್ಬಿತ್ತು.
"ಅವತ್ತಿನ ಹಾಗೇ ಬಾ. ಅದೇ ವೇಗ. ಕಾಲು ಚಾಚು."
ಬಂದೆ.
ನಾಲ್ಕು ಹೆಜ್ಜೆ, ಮೂರು, ಎರಡು,
ಕೊನೆಯದು ಬರಲಿಲ್ಲ.
ಅವನೂ, ನಾನು ಮುಟ್ಟುವ ಮೊದಲೇ,
ಕಣ್ಣು ಮುಚ್ಚಿ ಎಡಗಾಲು ಎತ್ತಿಕೊಂಡಿದ್ದ,
ಸುಡುವ ನೆಲ ತುಳಿದ ಮಗುವಿನ ಹಾಗೆ.

ಚೆಂಡು ತನ್ನ ಪಾಡಿಗೆ ಉರುಳಿ ಚರಂಡಿ ಹತ್ತಿರ ಹೋಯಿತು.
ಇಬ್ಬರೂ ಓಡಲಿಲ್ಲ.

ಮೆಟ್ಟಿಲ ಮೇಲೆ ಕೂತು ಲೇಸು ಬಿಚ್ಚುತ್ತ ಅಂದ:
"ಅಳತೆ ನೋಡೋಕೆ ಹಾಕ್ತೀವಲ್ಲ, ಕಚ್ಚಾ ಹೊಲಿಗೆ,
ಅದನ್ನ ತೊಟ್ಟುಕೊಂಡು ಯಾರೂ ಮದುವೆಗೆ ಹೋಗಲ್ಲ."
ಸ್ವಲ್ಪ ಹೊತ್ತು ಬಿಟ್ಟು,
"ಆದರೆ ಲ್ಯಾನ್ಸಿ, ಮದುವೆ ನಾಳೆಯೇ ಇದ್ದರೆ?"

ನನ್ನ ಜೇಬಿನಲ್ಲಿ ಫೋನು ನಡುಗಿತು. ಕೋಚ್.
ಎರಡನೆಯ ಬೂಟಿನ ಲೇಸಿಗೆ
ಅವನಿನ್ನೂ ಕೈ ಹಾಕಿರಲಿಲ್ಲ.